ಮಾತು ಬರುವವರೆಗೆ

ವಿದ್ಯಾರ್ಥಿಗಳ ಒತ್ತಡ ನಿವಾರಣೆಯ ಬಗ್ಗೆ ಭಾಷಣ ಮಾಡಬೇಕಾದ ದಿನ ನನಗೆ ತಿಂಡಿ ಸೇರುವುದಿಲ್ಲ. ಶಿರಸಿಯ ನಮ್ಮ ಕಾಲೇಜಿನಲ್ಲಿ ಈ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿದೆ. ‘ದೀರ್ಘವಾಗಿ ಉಸಿರಾಡಿ’ ಎಂದು ಮೈಕಿನಲ್ಲಿ ಹೇಳುವಾಗ ಸಭೆಯಲ್ಲಿ ಏದುಸಿರು ಬಿಡುತ್ತಿರುವವಳು ನಾನೊಬ್ಬಳೇ.

ಮಂಚೀಕೇರಿಯಿಂದ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿನಿ ಸುಮನಾ ಬರವಣಿಗೆಯಲ್ಲಿ ಹುಲಿ. ಎಬ್ಬಿಸಿ ನಿಲ್ಲಿಸಿದರೆ ಬಾಯಿಗೆ ಬೀಗ. ಕೊನೆಯ ವರ್ಷದ ಮೌಖಿಕ ಪರೀಕ್ಷೆ ಹತ್ತಿರವಾದಾಗ ಬಂದು, “ಮೇಡಂ, ಆನು ವೈವಾಕ್ಕೆ ಬತ್ನಿಲ್ಲೆ. ಮಾತೇ ಹೊರಡ್ತಿಲ್ಲೆ” ಎಂದು ಕಣ್ಣು ತುಂಬಿಕೊಂಡಳು. ಬಾರದಿದ್ದರೆ ಡಿಗ್ರಿಯೇ ನಿಲ್ಲುತ್ತಿತ್ತು. ನಾನು ಯಥಾಪ್ರಕಾರ ಉಸಿರಾಟ ಬೋಧಿಸಿ ಕಳಿಸಿದೆ.

ಆ ಭಾನುವಾರ ಮಂಚೀಕೇರಿಯ ನೆಂಟರ ಮನೆಯಲ್ಲಿ ತಾಳಮದ್ದಳೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಹೋಗಿ ನೋಡಿದರೆ, ದೂತನ ಪಾತ್ರದ ಅರ್ಥ ಹೇಳಲು ಕೂತವಳು ಇದೇ ಸುಮನಾ! ಎದುರಿಗೆ ರಾಜನಾಗಿ ನುರಿತ ಹಿರಿಯರೊಬ್ಬರು. ವೇಷವಿಲ್ಲ, ಬರೆದುಕೊಟ್ಟ ಮಾತಿಲ್ಲ. ಪದ್ಯ ಮುಗಿದ ಮೇಲೆ ಅವರವರ ಬುದ್ಧಿಯೇ ಗತಿ. ಹಿರಿಯರು ಇದ್ದಕ್ಕಿದ್ದಂತೆ, “ಸಂಧಿ ಬೇಕೆನ್ನುವ ನಿನ್ನೊಡೆಯ ತಾನೇಕೆ ಬರಲಿಲ್ಲ?” ಎಂದು ಕೊಕ್ಕೆ ಹಾಕಿದರು.

ಅವಳ ಮಾತು ನಿಂತಿತು. ನನ್ನ ಎದೆಯೂ ನಿಂತಂತಾಯಿತು. ಆದರೆ ಅಲ್ಲಿ ಯಾರೂ ಮಿಸುಕಲಿಲ್ಲ. ಭಾಗವತರು ಕಣ್ಣು ಮುಚ್ಚಿ ಕೂತಿದ್ದರು, ಮದ್ದಳೆಯವರು ಮೆಲ್ಲಗೆ ಬೆರಳಾಡಿಸಿದರು. ಸುಮನಾ ಆ ಪ್ರಶ್ನೆಯನ್ನೇ ಒಮ್ಮೆ ನಿಧಾನವಾಗಿ ತನ್ನ ಬಾಯಲ್ಲಿ ಹೇಳಿದಳು. ಆಮೇಲೆ ತಲೆಯೆತ್ತಿ, “ಅವನೇ ಬಂದಿದ್ದರೆ ನೀನು ತಲೆ ತಗ್ಗಿಸಬೇಕಾಗುತ್ತಿತ್ತು, ರಾಜ. ಆ ಸಂಕಟ ನಿನಗೆ ಬೇಡವೆಂದು ನನ್ನನ್ನು ಕಳಿಸಿದ” ಎಂದಳು. ಹಿರಿಯರೇ ‘ಭಲೆ’ ಎಂದರು. ಇಂಥ ಮಾತನ್ನು ಇವಳು ಎಲ್ಲಿಟ್ಟುಕೊಂಡಿದ್ದಳು?

“ಹೆದರಿಕೆ ಆಗ್ತಿಲ್ಯನೇ?” ಎಂದು ಚಹಾದ ಹೊತ್ತಿಗೆ ಕೇಳಿದೆ.

“ಆಗ್ತು ಮೇಡಂ. ಆದ್ರೆ ಇಲ್ಲಿ ಯಾರೂ ಅವಸರ ಮಾಡ್ತ್ವಿಲ್ಲೆ. ಮಾತು ಬಪ್ಪಲ್ಲಿವರೆಗೆ ಕಾಯ್ತ.”

ವೈವಾಕ್ಕೆ ಬಂದಳು. ಹೊರಗಿನಿಂದ ಬಂದ ಪರೀಕ್ಷಕರ ಮೊದಲ ಪ್ರಶ್ನೆಗೇ ಬಾಯಿ ಕಟ್ಟಿತು. ಅವರು ಗಡಿಯಾರ ನೋಡಿ ಮುಂದಿನ ಪ್ರಶ್ನೆಗೆ ಹೊರಟರು. ಪಕ್ಕದಲ್ಲಿದ್ದ ನಾನು, “ಸ್ವಲ್ಪ ಕಾಯೋಣ ಸರ್” ಎಂದೆ.

ಕಾದೆವು. ಅಬ್ಬಾ, ಸುಮ್ಮನೆ ಕೂರುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ! ಸುಳಿವು ಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು, ಪರೀಕ್ಷಕರ ಕಾಲು ಮೇಜಿನಡಿ ಕುಣಿಯುತ್ತಿತ್ತು. ಆ ಕೋಣೆಯಲ್ಲಿ ಒತ್ತಡ ತಾಳಲಾರದೆ ಒದ್ದಾಡುತ್ತಿದ್ದವರು ನಾವಿಬ್ಬರೇ. ಸುಮನಾ ಪ್ರಶ್ನೆಯನ್ನು ಒಮ್ಮೆ ತಾನೇ ಹೇಳಿಕೊಂಡು, ಉತ್ತರ ಶುರುಮಾಡಿದಳು.