ಮಚ್ಚೆಯಿದ್ದ ಕಾಲದ ಅಕ್ಕ

ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂತು ಸ್ವಿಚ್ಚು ಜೋಡಿಸುತ್ತಿದ್ದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರ ಎಡಗೆನ್ನೆಯ ತುಂಬ ನೇರಳೆ ಬಣ್ಣದ ಹುಟ್ಟುಮಚ್ಚೆಯಿತ್ತು. ಹೊಸಬರು ದಿಟ್ಟಿಸಿದರೆ, ಕೇಳುವ ಮೊದಲೇ ಅಕ್ಕ ನಗುತ್ತ, "ಅಂಟೋದಲ್ಲ ಕಣ್ರೀ," ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಸಿಟಿಯ ಒಂದು ಕ್ಲಿನಿಕ್ಕಿಗೆ ಮಚ್ಚೆ ತೆಗೆಯುವ ಲೇಸರ್ ಬಂತು. ಅಕ್ಕ ಚಿಕಿತ್ಸೆಗೆ ಹೋದ ಪ್ರತಿ ಸಲವೂ ನನ್ನನ್ನು ಜೊತೆಗೆ ಕರೆದೊಯ್ದರು. ರಬ್ಬರ್ ಬ್ಯಾಂಡಿನಿಂದ ಹೊಡೆದ ಹಾಗೆ ಉರಿಯುತ್ತಿತ್ತಂತೆ. ಮುಗಿಯುವವರೆಗೂ ನನ್ನ ಕೈ ಬಿಡುತ್ತಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮಚ್ಚೆ ತಿಳಿಯಾಗಿ, ಪೌಡರ್ ಹಚ್ಚಿದರೆ ಕಾಣದಂತಾಯಿತು. ಒಂದು ದಿನ ಬಸ್ಸಿನಲ್ಲಿ, "ನೋಡ್ದೇನೇ, ಒಬ್ರೂ ನನ್ನ ನೋಡ್ತಿಲ್ಲ!" ಎಂದು ನನ್ನ ಕಿವಿಯಲ್ಲಿ ಹೇಳಿ ಅತ್ತೇಬಿಟ್ಟರು.

ಮರುತಿಂಗಳೇ ಸಿಟಿಯ ಇನ್ನೊಂದು ತುದಿಯ ಬೊಮ್ಮಸಂದ್ರದಲ್ಲಿ ಕೆಲಸ ಹಿಡಿದರು. "ಅಲ್ಲಿ ಯಾರ್ಗೂ ಏನೂ ಗೊತ್ತಿಲ್ಲ ಕಣೇ," ಎಂದರು. ವಿಳಾಸ ಕೊಡಲಿಲ್ಲ. ಎಷ್ಟೋ ತಿಂಗಳು ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಅವರ ಜಾಗದ ಕಡೆ ತಿರುಗುತ್ತಿದ್ದೆ.

ಆಮೇಲೊಮ್ಮೆ ಯಾವುದೋ ಕೆಲಸಕ್ಕೆ ಬೊಮ್ಮಸಂದ್ರಕ್ಕೆ ಹೋದಾಗ ಬಸ್ ಸ್ಟಾಪಿನಲ್ಲಿ ಕಂಡರು. ಹೊಸ ಗೆಳತಿಯರ ನಡುವೆ ತಲೆಯೆತ್ತಿ ನಗುತ್ತಿದ್ದರು. ನನ್ನನ್ನು ಕಂಡೊಡನೆ ಆ ನಗು ನಿಂತಿತು, ಕೈ ತಾನಾಗಿ ಕೆನ್ನೆಗೆ ಹೋಯಿತು. "ಅಕ್ಕಾ" ಎಂಬ ಕೂಗು ನನ್ನ ಬಾಯಿಗೆ ಬಂದಿತ್ತು. ಕೂಗಲಿಲ್ಲ. ಎದುರಿಗೆ ಬಂದು ನಿಂತ ಬಸ್ಸು ಹತ್ತಿದೆ. ಅದು ಎಲ್ಲಿಗೆ ಹೋಗುತ್ತದೆಂದೂ ನೋಡಲಿಲ್ಲ.