ಡಬ್ಬದೊಳಗಿನ ಬೇಬಿ

ಆ ಸ್ಪೀಕರನ್ನು ನಾನು ಮೊದಲು ನೋಡಿದ್ದು ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ. ಎರಡರಲ್ಲಿ ಭರಣಿಗೇ ಹೆಚ್ಚು ಲಕ್ಷಣವಿತ್ತು. ತಂದಿಟ್ಟವನು ಹರ್ಷಿತ್, ಮಣಿಪಾಲದಲ್ಲಿ ನಾವಿರುವ ಫ್ಲ್ಯಾಟುಗಳ ಸಂಘದ ಕಾರ್ಯದರ್ಶಿ. ಇನ್ನೂ ಎಳೆಯ ಪ್ರಾಯ, ಆದರೆ ಲಿಫ್ಟಿನಲ್ಲಿ ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬುದಕ್ಕೂ ನಿಯಮ ಬರೆಯಬಲ್ಲ.

“ಟೀಚರ್, ಸೌಂಡ್ ಹೇಗುಂಟು ಕೇಳಿ. ಡಿಸೈನ್ ಕೂಡ ನೋಡಿ. ನಿಮ್ಮ ಅಭಿಪ್ರಾಯ ಬೇಕು” ಎಂದ.

ಅಭಿಪ್ರಾಯ ಕೇಳುವವರಿಗೆ ಬೇಕಾಗಿರುವುದು ಹೊಗಳಿಕೆ ಎಂದು ನನಗೆ ಗೊತ್ತು. ಕಲ್ಯಾಣಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳ ಪ್ರಬಂಧಗಳನ್ನು ಕಣ್ಣು ಮಂಜಾಗುವಷ್ಟು ಓದಿದ್ದೇನೆ. ಆದರೂ ಕನ್ನಡಕ ಹಾಕಿಕೊಂಡು ನೋಡಿದೆ. ಮುಷ್ಟಿಗಿಂತ ತುಸು ದೊಡ್ಡದಾದ ಗುಂಡು ಡಬ್ಬ. ಮೈಗೆಲ್ಲ ಹಳೆ ಬಸ್ಸಿನ ಸೀಟಿನ ಹಾಗೆ ಬೂದು ಬಟ್ಟೆ. ಕೆಳಗೆ ರಬ್ಬರಿನ ಪಾದ, ಪಕ್ಕದಲ್ಲಿ ನೇತು ಹಾಕಲು ಒಂದು ದಾರ, ನೆತ್ತಿಯಲ್ಲಿ ಸುಮ್ಮನೆ ಗಿರಕಿ ಹೊಡೆಯುವ ನೀಲಿ ದೀಪ. ಗುಂಡಿ ಎಲ್ಲಿದೆ ಎಂದು ತಡವಿ ಹುಡುಕಬೇಕು. ಹಾಗೆ ಬಚ್ಚಿಡುವುದಕ್ಕೆ ಮಿನಿಮಲ್ ಎನ್ನುತ್ತಾರಂತೆ. ಹರ್ಷಿತ್ ಒಂದು ಹಾಡು ಹಾಕಿದ. ತಗ್ಗಿನ ಸ್ವರವೆಲ್ಲ ಖಾಲಿ ಡ್ರಮ್ಮಿಗೆ ಗುದ್ದಿದ ಸದ್ದು, ಮೇಲಿನದ್ದೆಲ್ಲ ಶೀತವಾದವನ ಮೂಗು. ಅವೆರಡರ ನಡುವೆ ಮನುಷ್ಯನ ಗಂಟಲು ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಸದ್ದು ಹೆಚ್ಚಿಸಿದಾಗ ಡಬ್ಬ ತಾನೇ ನಡುಗುತ್ತಾ ಮೇಜಿನಂಚಿಗೆ ಸರಿಯಿತು. ಬಿದ್ದರೆ ಬೀಳಲಿ ಎಂದು ನಾನು ಕೈ ಅಡ್ಡ ಹಿಡಿಯಲಿಲ್ಲ.

“ಮೇಲೆ ಥಳಕು, ಒಳಗೆ ಹುಳುಕು” ಎಂದೆ.

ಅವನಿಗೆ ಬೇಸರವೇ ಆಗಲಿಲ್ಲ. “ಹಾಡಿಗಲ್ಲ ಟೀಚರ್, ಇದು ಬೇಬಿಯಕ್ಕನಿಗೆ” ಎಂದು ನಕ್ಕ.

ಬೇಬಿ ನಮಗೆ ಮೀನು ತರುವವಳು. ಕಾಪುವಿನ ಕಡಲ ಬದಿಯ ಮನೆ. ಬೆಳಕು ಹರಿಯುವ ಮೊದಲೇ ಮಲ್ಪೆ ಬಂದರಿಗೆ ಹೋಗಿ, ಮೀನು ಹರಾಜು ಹಾಕುವ ಏಲದಲ್ಲಿ ನಾಲ್ಕು ಜನರಿಗೆ ಬೈದು, ನಾಲ್ಕು ಜನರಿಂದ ಬೈಸಿಕೊಂಡು, ಬುಟ್ಟಿ ತುಂಬಿಸಿ ಟೆಂಪೋದಲ್ಲಿ ನಮ್ಮ ಗುಡ್ಡ ಹತ್ತುತ್ತಾಳೆ. ಗಂಡ ಶೇಖರ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಮಗಳು ಪ್ರಣೀತಾಳನ್ನು ಕಾರ್ಕಳಕ್ಕೆ ಮದುವೆ ಮಾಡಿ ಕೊಟ್ಟಿದ್ದಾಳೆ. ಅಳಿಯ ಒಳ್ಳೆಯವನು, ಮನೆಯೂ ಅನುಕೂಲವಾಗಿದೆ, ಆದರೂ ತಾಯಿಯ ಕೊರಗು ತಪ್ಪಿಲ್ಲ. “ಎಂತ ಅನುಕೂಲ ಟೀಚರ್? ಅಲ್ಲಿಗೆ ಮುಟ್ಟುವಾಗ ಮೀನಿನ ಕಣ್ಣಿಗೆ ಪೊರೆ ಬಂದಿರುತ್ತದೆ. ಪಾಪ, ನನ್ನ ಮಗು ಅದನ್ನೇ ತಿನ್ನುವುದು.”

ಗೇಟಿನೊಳಗೆ ಬುಟ್ಟಿ ಇಳಿಸಿ, ಒಮ್ಮೆ ಗಟ್ಟಿಯಾಗಿ ಕೆಮ್ಮಿ, ತಲೆ ಎತ್ತಿ ಅವಳು ಕೂಗಿದರೆ ಮೇಲಿನ ಮಹಡಿಯ ಬೆಕ್ಕುಗಳು ಎದ್ದು ಕುಳಿತುಕೊಳ್ಳುತ್ತಿದ್ದವು. ಕೂಗಿನಲ್ಲಿ ಮೀನಿನ ಹೆಸರಷ್ಟೇ ಅಲ್ಲ, ಅದರ ಜಾತಕವೂ ಇರುತ್ತಿತ್ತು. “ಬಂಗುಡೆ ಉಂಟು, ಈಗ ಬಂದದ್ದು!” “ಬೂತಾಯಿ ಉಂಟು, ನಿನ್ನೆಯದ್ದು, ಹುರಿಯಲಿಕ್ಕೆ ಮಾತ್ರ!” ಮಳೆಗಾಲದಲ್ಲಿ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆಗ ಎಲ್ಲಿಂದಲೋ ಲಾರಿಯಲ್ಲಿ ಐಸು ಹಾಕಿದ ಮೀನು ಬರುತ್ತದೆ. ಆ ದಿನಗಳಲ್ಲಿ “ಐಸಿನದ್ದು” ಎಂಬ ಮಾತು ಮೊದಲು, ಮೀನಿನ ಹೆಸರು ಆಮೇಲೆ. ಹಾಗೆ ಕೂಗಿದರೆ ವ್ಯಾಪಾರ ಕೆಡುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

“ಕೆಡುತ್ತದೆ. ಆದರೆ ಉಳಿದ ಹತ್ತು ತಿಂಗಳು ಯಾರೂ ನನ್ನ ಬುಟ್ಟಿಯಲ್ಲಿ ಕಿವಿರು ಎತ್ತಿ ನೋಡುವುದಿಲ್ಲ, ಅಲ್ವಾ?”

ನಿಜ. ಮೀನು ಕೊಳ್ಳುವಾಗ ಹೆತ್ತ ತಾಯಿಯನ್ನೂ ನಂಬದ ನಾನು ಬೇಬಿಯ ಮೀನನ್ನು ಒತ್ತಿ ನೋಡಿದವಳಲ್ಲ. ಅವಳ ಕೂಗೇ ಸಾಕಾಗಿತ್ತು. ಬೇಬಿಯ ಹತ್ತಿರ ಇದ್ದ ಆಸ್ತಿ ಎಂದರೆ ಅದೊಂದೇ.

ಆ ಕೂಗೇ ಕೆಲವರಿಗೆ ಅಸಹ್ಯವಾಯಿತು. ಮನೆಯಿಂದಲೇ ಕೆಲಸ ಮಾಡುವ ಒಬ್ಬನ ಮೀಟಿಂಗಿನಲ್ಲಿ ಯಾವುದೋ ದೇಶದ ಸಾಹೇಬನಿಗೆ ಬಂಗುಡೆಯ ಸುದ್ದಿ ಕೇಳಿಸಿತಂತೆ. ಮಧ್ಯಾಹ್ನಕ್ಕೆ ಅಂಜಲ್ ಮೀನಿನ ಫ್ರೈ ಬೇಕು, ಅದು ಬಂದದ್ದು ಮಾತ್ರ ಯಾರಿಗೂ ಕೇಳಬಾರದು! ಸಂಘ ಸಭೆ ಸೇರಿತು. ಕಂಪೌಂಡಿನೊಳಗೆ ಯಾರೂ ಕೂಗಬಾರದು, ಕೂಗಿದವರಿಗೆ ಪ್ರವೇಶವಿಲ್ಲ, ಸಣ್ಣ ಸ್ಪೀಕರಿನಲ್ಲಿ ಮೆಲ್ಲಗೆ ಕೇಳಿಸಬಹುದು ಎಂದು ತೀರ್ಮಾನವಾಯಿತು. ಹರ್ಷಿತ್ ಚಳಿಗಾಲದ ಒಂದು ಒಳ್ಳೆಯ ಬೆಳಿಗ್ಗೆ, ಬಂಗುಡೆ ಇನ್ನೂ ಮಿಂಚುತ್ತಿದ್ದಾಗ, ಬೇಬಿಯ ಕೂಗನ್ನು ಮೊಬೈಲಿನಲ್ಲಿ ಹಿಡಿದುಕೊಂಡ.

ಡಬ್ಬವನ್ನು ಅವಳ ಕೈಗೆ ಕೊಟ್ಟಾಗ ನಾನೂ ಕೆಳಗಿದ್ದೆ. ಬೇಬಿ ಅದನ್ನು ಮೀನು ಹಿಡಿದ ಹಾಗೆ ಹಿಡಿದಳು. ಹೊಟ್ಟೆ ಒತ್ತಿದಳು. ಮಗುಚಿದಳು. ಕಿವಿರಿಗಾಗಿ ಹೆಬ್ಬೆರಳು ಆಡಿಸಿದಳು. ಮೂಗಿಗೆ ಹಿಡಿದು ಮುಖ ಕಿವಿಚಿದಳು.

“ಹೊಸ ಚಪ್ಪಲಿಯ ವಾಸನೆ. ಕಣ್ಣಿಲ್ಲ, ಕಿವಿರಿಲ್ಲ, ಒಳಗೆ ಕೊಳೆತಿದ್ದರೂ ಗೊತ್ತಾಗುವುದಿಲ್ಲ. ಇದನ್ನು ಯಾರು ಮಾಡಿದ್ದು ಮಾರಾಯ್ರೆ?”

ಹರ್ಷಿತ್ ಗುಂಡಿ ಒತ್ತಿದ. ಮೊದಲು ಕೊಳಲಿನ ಒಂದು ತುಣುಕು ಬಂತು, ಮದುವೆ ಮಂಟಪದಲ್ಲಿ ಹಾಕುವಂಥದ್ದು. ಆಮೇಲೆ ಬೇಬಿ ಬಂದಳು. “ಬಂಗುಡೆ ಉಂಟು, ಈಗ ಬಂದದ್ದು!” ಅವಳದೇ ಸ್ವರ. ಆದರೆ ಕೆಮ್ಮು ಕತ್ತರಿಸಿ, ಉಸಿರು ಕತ್ತರಿಸಿ, ಒರಟೆಲ್ಲ ಉಜ್ಜಿ ನಯ ಮಾಡಿದ್ದ. ಅನ್ನದಲ್ಲಿ ಕೂದಲು ಸಿಕ್ಕಿದವಳ ಹಾಗೆ ಬೇಬಿ ಮುಖ ಮಾಡಿದಳು.

“ಇದು ನಾನಲ್ಲ.”

“ನೀವೇ ಅಕ್ಕ. ಸ್ವಲ್ಪ ಕ್ಲೀನ್ ಮಾಡಿದ್ದು.”

“ನನ್ನನ್ನು ಎಂತಕ್ಕೆ ಕ್ಲೀನ್ ಮಾಡುವುದು? ಮೀನು ಕ್ಲೀನ್ ಮಾಡಿದರೆ ಸಾಕು.”

ಬೈದರೂ ಒಪ್ಪಿಕೊಂಡಳು. ಬುಟ್ಟಿಯ ಅರ್ಧ ಮೀನು ಖಾಲಿಯಾಗುವುದು ನಮ್ಮ ಕಂಪೌಂಡಿನಲ್ಲೇ. ಅದು ತಪ್ಪಿದರೆ ಉಳಿದ ಮೀನು ಹೊತ್ತುಕೊಂಡು ಬಿಸಿಲಿನಲ್ಲಿ ಎಲ್ಲಿಗೆ ಹೋಗುವುದು? ಮರುದಿನದಿಂದ ಅವಳು ಬಾಯಿ ಮುಚ್ಚಿ ಕುಳಿತುಕೊಂಡಳು, ಮಂಡಿಯ ಬಳಿ ಇಟ್ಟ ಡಬ್ಬ ಕೂಗತೊಡಗಿತು. ಹೆಂಗಸು ಎದುರಿಗೇ ಕುಳಿತಿದ್ದಾಳೆ, ಅವಳ ಸ್ವರ ಪಕ್ಕದ ಡಬ್ಬದಿಂದ ಬರುತ್ತಿದೆ!

ಮಳೆಗಾಲ ಬಂತು, ಬೋಟುಗಳು ನಿಂತವು. “ಈಗ ಬಂದದ್ದು ಎಂಬುದನ್ನು ತೆಗೆದು ಐಸಿನದ್ದು ಅಂತ ಹಾಕಿ” ಎಂದು ಬೇಬಿ ಹರ್ಷಿತ್‌ನನ್ನು ಕೇಳಿದಳು. ಒಮ್ಮೆ ಅಲ್ಲ, ಕಂಡಾಗಲೆಲ್ಲ ಕೇಳಿದಳು.

“ಐಸು ಅಂದರೆ ನೆಗೆಟಿವ್ ಆಗುತ್ತದೆ ಅಕ್ಕ. ಮಳೆಗಾಲ ಅಂತ ಎಲ್ಲರಿಗೂ ಗೊತ್ತುಂಟಲ್ಲ.”

ನಿಲ್ಲಿಸಲೂ ಆಗದು, ಸದ್ದೇ ಇಲ್ಲದಿದ್ದರೆ ಬಂದದ್ದು ಯಾರಿಗೆ ತಿಳಿಯಬೇಕು? ಹಾಗಾಗಿ ಡಬ್ಬ ಒಂದು ಹೇಳುತ್ತಿತ್ತು, ಇಳಿದು ಬಂದವರಿಗೆಲ್ಲ ಬೇಬಿ ಇನ್ನೊಂದು ಹೇಳುತ್ತಿದ್ದಳು. “ಐಸಿನದ್ದು, ನೋಡಿ ತೆಗೆದುಕೊಳ್ಳಿ.” ಕೆಲವರು ನೋಡುತ್ತಿದ್ದರು. ಹೆಚ್ಚಿನವರು ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಬರುತ್ತಿದ್ದರು.

ನಾನು ಅಷ್ಟು ದಿನ ಆ ಐಸಿನ ಮೀನಿನ ಗೊಡವೆಗೇ ಹೋಗಿರಲಿಲ್ಲ. ಜುಲೈಯ ಒಂದು ದಿನ ನನ್ನ ಗಂಡ ಎಡ್ವಿನ್ ಹುಳಿಖಾರದ ಬಂಗುಡೆ ಪುಳಿಮುಂಚಿ ಬೇಕೆಂದು ಮಗುವಿನ ಹಾಗೆ ಹಟ ಹಿಡಿದರು. ಮಳೆ ಜಡಿಯುತ್ತಿತ್ತು, ನನ್ನ ಸೊಂಟ ಹಿಡಿದುಕೊಂಡಿತ್ತು. ಅಂಥ ದಿನ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ: ಚೀಲದಲ್ಲಿ ಹಣ ಹಾಕಿ, ಲಿಫ್ಟಿನೊಳಗೆ ಇಟ್ಟು, ಗುಂಡಿ ಒತ್ತಿ ಕೆಳಗೆ ಕಳಿಸಿದೆ. ಕೆಳಗಿನಿಂದ ಸ್ವರ ಬಂತು. “ಬಂಗುಡೆ ಉಂಟು, ಈಗ ಬಂದದ್ದು!” ಯಾರಾದರೂ ಸಣ್ಣ ನಾಡದೋಣಿಯವರು ಧೈರ್ಯ ಮಾಡಿ ಕಡಲಿಗೆ ಹೋಗಿರಬೇಕು ಅಂದುಕೊಂಡೆ. ಮಳೆಯ ಸದ್ದಿನಲ್ಲಿ ಕೊಳಲು ಕೇಳಿಸದೆ ಡಬ್ಬದ ನೆನಪೂ ಆಗಲಿಲ್ಲ. ಬೇಬಿಯೇ ಹೇಳುತ್ತಿರುವಾಗ ಇನ್ನೇನು? ಮೀನು ಮೇಲೆ ಬಂತು. ಶೀತ ಹಿಡಿದು ನನ್ನ ಮೂಗು ಕಟ್ಟಿತ್ತು. ಕಿವಿರು ನೋಡದೆ ಸಾರು ಮಾಡಿ ಅವರಿಗೆ ಬಡಿಸಿ, ನಾನು ಶೀತಕ್ಕೆಂದು ಗಂಜಿಯಷ್ಟೇ ಕುಡಿದೆ.

ಊಟ ಮುಗಿದು ಸ್ವಲ್ಪ ಹೊತ್ತಿನಲ್ಲಿ ಎಡ್ವಿನ್‌ರ ಮುಖ ಕೆಂಪಾಯಿತು. ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು, ಎದೆ ಬಡಿದುಕೊಳ್ಳತೊಡಗಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಸಂಜೆಯವರೆಗೆ ಮಲಗಿಸಿಕೊಂಡು ಕಳಿಸಿದರು. ಸರಿಯಾಗಿ ಐಸಿನಲ್ಲಿಡದ ಬಂಗುಡೆ ಹೀಗೆ ಮಾಡುತ್ತದೆ ಎಂದರು. ಮನೆಗೆ ಬಂದು ಉಳಿದ ಸಾರನ್ನು ಮೂಸಿದೆ. ಕಟ್ಟಿದ ಮೂಗಿಗೂ ನಾತ ಹೊಡೆಯಿತು.

ಮರುದಿನ ಡಬ್ಬದ ಕೊಳಲು ಕೇಳಿದ್ದೇ ನಾನು ಸೊಂಟ ಮರೆತು ಕೆಳಗಿಳಿದೆ.

“ನನ್ನ ಗಂಡನನ್ನು ಆಸ್ಪತ್ರೆಗೆ ಹಾಕಿದ್ದಿ ನೀನು! ಇಷ್ಟು ವರ್ಷ ನಂಬಿದ್ದಕ್ಕೆ ಇದಾ?”

ಬೇಬಿಯ ಮುಖ ಬಿಳುಚಿತು. “ನಾನು ಹೇಳಿದೆ ಟೀಚರ್. ನಿಮ್ಮ ಚೀಲ ಅಂತ ಗೊತ್ತಾಗಿ, ಮೆಟ್ಟಿಲ ಹತ್ತಿರ ಹೋಗಿ, ರೂಲಿಗೆ ಹೆದರಿ ಮೆಲ್ಲಗೆ ಐಸಿನದ್ದು ಅಂತ ಕೂಗಿದೆ. ನೀವು ಬೇಡ ಅನ್ನಲಿಲ್ಲ.”

“ನನಗೆ ಕೇಳಿದ್ದು ಈಗ ಬಂದದ್ದು ಅಂತ. ನಿನ್ನದೇ ಸ್ವರದಲ್ಲಿ ಕೇಳಿದ್ದು.”

“ಅದು ಡಬ್ಬ...” ಎಂದು ಬೇಬಿ ಮಂಡಿಯ ಬಳಿಯ ಸ್ಪೀಕರಿನತ್ತ ಕೈ ತೋರಿಸಿದಳು.

ಇಬ್ಬರು ಬೇಬಿಯರು ಒಟ್ಟಿಗೆ ಕೂಗಿದ್ದರು. ಜೋರಾಗಿದ್ದವಳ ಮಾತು ನನಗೆ ಮುಟ್ಟಿತ್ತು. ಸಿಟ್ಟಿನ ನಡುವೆಯೂ ಅದು ನನಗೆ ಅರ್ಥವಾಯಿತು. ಅಷ್ಟರಲ್ಲಿ ಎರಡನೆಯ ಮಹಡಿಯ ಶ್ರೀವಾಣಿ ಪಾತ್ರೆ ಹಿಡಿದುಕೊಂಡು ಬಂದಳು. ಹೊಸದಾಗಿ ಬಂದ ಹುಡುಗಿ, ಕಂಕುಳಲ್ಲಿ ಮಗು. ಡಬ್ಬ ಇನ್ನೊಮ್ಮೆ ಈಗ ಬಂದದ್ದು ಎಂದಿತು.

“ಎರಡು ಬಂಗುಡೆ ಕೊಡಿ ಅಕ್ಕ. ಮಗುವಿಗೆ ಮೊದಲ ಸಲ ಕೊಡುವುದು. ನೀವು ಫ್ರೆಶ್ ಅಂದರೆ ಫ್ರೆಶ್ ಅಂತ ಎಲ್ಲರೂ ಹೇಳುತ್ತಾರೆ.”

ಬೇಬಿ ಒಂದು ಮೀನು ಎತ್ತಿದಳು. ಹೊಟ್ಟೆ ಒತ್ತಿದಳು, ಬೆರಳು ಒತ್ತಿದ ಕುಳಿ ಮೇಲೇಳದೆ ಹಾಗೆಯೇ ಉಳಿಯಿತು. ಮೀನನ್ನು ಬುಟ್ಟಿಗೆ ಎಸೆದು ಮೇಲೆ ಗೋಣಿ ಎಳೆದಳು. ಡಬ್ಬವನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಇದ್ದದ್ದು ಸಿಟ್ಟಲ್ಲ, ಹೇಸಿಗೆ. ಆಮೇಲೆ ಎದ್ದು ಅಂಗಳದ ನಡುವೆ ಮಳೆಯಲ್ಲೇ ನಿಂತು, ಕೆಮ್ಮಿ, ತಲೆ ಎತ್ತಿದಳು.

“ಬಂಗುಡೆ ಒಳ್ಳೆಯದಿಲ್ಲಾ! ಯಾರೂ ಇಳಿಯಬೇಡೀ! ಲಾರಿಯದ್ದು, ಐಸಿನದ್ದು, ಕೆಟ್ಟದ್ದು! ನಿನ್ನೆ ತೆಗೆದುಕೊಂಡವರು ಬಿಸಾಡಿ! ಡಬ್ಬ ಹೇಳುವುದು ಸುಳ್ಳೂ!”

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ತನ್ನ ಬುಟ್ಟಿಯ ಮೀನು ಕೊಳ್ಳಬೇಡಿ ಎಂದು ಕೂಗುವ ಮೀನಿನವಳನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ನನಗೆ ಅಳುವೇ ಬಂತು.

ಹರ್ಷಿತ್ ಬರ್ಮುಡಾದಲ್ಲೇ ಓಡಿ ಬಂದ. “ಅಕ್ಕ, ಎಂತ ಇದು? ರೂಲ್ ಗೊತ್ತುಂಟಲ್ಲ? ನಾಳೆಯಿಂದ ಎಂಟ್ರಿ ಇಲ್ಲ, ನಾನು ಎಂತ ಮಾಡಲಿಕ್ಕೂ ಆಗುವುದಿಲ್ಲ.”

“ನಿನ್ನ ರೂಲಿಗೆ ಬೆಂಕಿ ಬೀಳಲಿ” ಎಂದೆ ನಾನು.

“ಬರುವುದಿಲ್ಲ” ಎಂದಳು ಬೇಬಿ. “ಇದರೊಳಗಿಂದ ನನ್ನನ್ನು ತೆಗೆಯಿರಿ.”

“ಅದು ಇರಲಿ ಅಕ್ಕ. ನಾಳೆ ಬೇರೆ ಯಾರಾದರೂ ಮೀನಿನವರು ಬಂದರೆ ಉಪಯೋಗ ಆಗುತ್ತದೆ. ಸೌಂಡ್ ಅಷ್ಟು ಚೆನ್ನಾಗಿ ಬಂದಿದೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಹುಡುಗನಿಗೆ ತಾನು ಆಡಿದ್ದೇನು ಎಂಬುದೂ ತಿಳಿದಿರಲಿಲ್ಲ. ಬೇಬಿ ಪಕ್ಕಕ್ಕೆ ತಿರುಗಿ ಉಗಿದಳು.

“ಯಾರದೋ ಕೊಳೆತ ಮೀನನ್ನು ನನ್ನ ಬಾಯಲ್ಲಿ ಮಾರುವುದಾ? ತೆಗೆಯಿರಿ. ನಾನು ನೋಡಬೇಕು.”

ಸುತ್ತ ಜನ ಸೇರಿದ್ದರು. ಅವನು ಮೊಬೈಲಿನಲ್ಲಿ ಬೆರಳು ಆಡಿಸಿದ, ಡಬ್ಬದ ಹಿಂದಿನ ಸಣ್ಣ ಮೆಮೊರಿ ಕಾರ್ಡನ್ನೂ ಎಳೆದು ಅವಳ ಕೈಗೆ ಹಾಕಿದ. “ಹೋಯಿತು ಅಕ್ಕ, ಎರಡೂ ಕಡೆಯಿಂದ ಹೋಯಿತು.”

“ಒತ್ತಿ ನೋಡಿ.”

ಅವನು ಒತ್ತಿದ. ಮಳೆಯ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

“ಇನ್ನೊಮ್ಮೆ ಒತ್ತಿ” ಎಂದಳು ಬೇಬಿ.