ಏಳನೆಯ ಕಿಟ್ಟಿನ ಗೆರೆ

ಗಿರಿಜಾಳ ಕಿಟ್ಟಿನಲ್ಲಿ ಎರಡನೆಯ ಗೆರೆ ಮೂಡಿದ್ದನ್ನು ನಾನು ನೋಡಿದ್ದೆ. ನೋಡಿಯೂ ಇಲ್ಲವೆಂದೆ. ಮೂರು ವರ್ಷ ಇಲ್ಲವೆಂದೇ ನಡೆದುಕೊಂಡೆ. ಇದನ್ನು ಸ್ವಲ್ಪ ಮೆದುವಾಗಿ ಶುರುಮಾಡೋಣವೆಂದು ನಾಲ್ಕು ಸಲ ಕೂತೆ, ನಾಲ್ಕು ಹಾಳೆ ಹರಿದೆ. ಮೆದು ಮಾತಾಡುವುದು ನನ್ನ ಹೊಟ್ಟೆಪಾಡು — ಅದು ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೇ ಬೇಡವೆನಿಸಿತು.

ನಾನು ಬ್ರಹ್ಮಾವರದವಳು. ಎಚ್‌ಐವಿ ಪರೀಕ್ಷೆಗೆ ಬಂದವರೊಡನೆ ಕೂತು ಮಾತಾಡುವ ಆಪ್ತಸಮಾಲೋಚಕಿಯಾಗಿ ಬಹಳ ವರ್ಷ ಕೆಲಸ ಮಾಡಿದೆ. ಆಮೇಲೆ ಹೊಸಬರಿಗೆ ಅದನ್ನೇ ಕಲಿಸುವವಳಾದೆ. ಆಸ್ಪತ್ರೆಗೆ ಬಾರದವರ ಬಳಿಗೆ ನಾವೇ ಹೋಗುವುದು — ಮೀನಿನ ಬಂದರು, ಗೇರುಬೀಜದ ಕಾರ್ಖಾನೆಯ ಗೇಟು, ಹೆದ್ದಾರಿಯಲ್ಲಿ ಲಾರಿ ನಿಲ್ಲುವ ಜಾಗ. ಬೆರಳಿನ ತುದಿಯಿಂದ ಒಂದು ಹನಿ ರಕ್ತ, ಅದರ ಮೇಲೆ ಎರಡು ಹನಿ ದ್ರಾವಣ, ಹದಿನೈದು ನಿಮಿಷ ಕಾಯುವುದು. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಕಿಟ್ಟಿನಲ್ಲಿ ಮೇಲಿನ ಗೆರೆ ಬಂದರೆ ಕಿಟ್ ಸರಿಯಿದೆ ಎಂದು ಅರ್ಥ. ಅದರ ಕೆಳಗೆ ಇನ್ನೊಂದು ಗೆರೆ ಬಂದರೆ ಆ ಮನುಷ್ಯರನ್ನು ದೊಡ್ಡ ಕೇಂದ್ರಕ್ಕೆ ಕರೆದೊಯ್ದು ಮತ್ತೆ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಹದಿನಾಲ್ಕು ನಿಮಿಷಕ್ಕೆ ಓದಿದವರನ್ನೂ ನಾನು ಬಿಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ‘ಗಡಿಯಾರದ ಮೇಡಂ’ ಅನ್ನುತ್ತಿದ್ದರಂತೆ. ಕೇಳಿ ಒಳಗೊಳಗೇ ಹಿಗ್ಗಿದ್ದೆ.

ಪ್ರತಿ ತರಬೇತಿಯಲ್ಲೂ ಒಂದು ವಾಕ್ಯವನ್ನು ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದೆ — ‘ಮಸುಕು ಗೆರೆಯೂ ಗೆರೆಯೇ.’ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ಗೆರೆಯನ್ನು ‘ಏನಿಲ್ಲ ಬಿಡು’ ಎಂದು ತಳ್ಳಿಹಾಕುವುದು ಹೊಸಬರ ಚಾಳಿ. ಎದುರು ಕೂತವರ ಮುಖ ನೋಡಿದರೆ ಹಾಗೆ ಅನ್ನಬೇಕೆಂದು ಅನಿಸಿಬಿಡುತ್ತದೆ. ಅನಿಸಬಾರದು ಎಂದು ಬೈದು ಕಲಿಸಿದವಳು ನಾನು.

ಮೂರು ವರ್ಷದ ಹಿಂದೆ, ಕುಂದಾಪುರದಲ್ಲಿ ಒಂದು ಸಭಾಭವನದ ಮೇಲಿನ ಮಹಡಿಯಲ್ಲಿ ಮೂರು ದಿನದ ತರಬೇತಿ. ಹನ್ನೆರಡು ಹೆಂಗಸರು. ಏಳನೆಯ ಕುರ್ಚಿ ಗಿರಿಜಾಳದ್ದು. ನಾವುಂದದ ಹುಡುಗಿ, ತೆಕ್ಕಟ್ಟೆಗೆ ಮದುವೆಯಾಗಿ ಬಂದವಳು. ಆಗ ಎಂಟು ವರ್ಷದ ಮಗಳು, ಶ್ರೇಯಾ. ಗಂಡ ರತ್ನಾಗಿರಿ ಕಡೆಯ ಬೋಟಿನಲ್ಲಿ. ಮಳೆಗಾಲದಲ್ಲಿ ಬೋಟು ದಡ ಸೇರಿದಾಗ ಎರಡು ತಿಂಗಳು ಮನೆಯಲ್ಲಿ ಇರುತ್ತಿದ್ದ. ಅವಳು ಅದುವರೆಗೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಕತ್ತಿ ಹಿಡಿದು ಪಳಗಿದ ಕೈ — ಸೂಜಿ ಹಿಡಿದಾಗ ಒಂಚೂರೂ ನಡುಗಲಿಲ್ಲ. ಎಲ್ಲರಿಗಿಂತ ಮೊದಲು ಕಲಿತಳು. ಮಾತಂತೂ ಕೇಳುವುದೇ ಬೇಡ.

ಅಭ್ಯಾಸಕ್ಕೆಂದು ಬರಬೇಕಾಗಿದ್ದ ರಕ್ತದ ಮಾದರಿಗಳು ಮೂರನೆಯ ದಿನವಾದರೂ ಬರಲಿಲ್ಲ. ಹನ್ನೊಂದು ಗಂಟೆಗೆ ಇಲಾಖೆಯ ಮೇಲಿನವರು ನೋಡಲು ಬರುವವರಿದ್ದರು. ಅವರ ಎದುರು ನನ್ನ ಹನ್ನೆರಡು ಜನ ಬಾಯಲ್ಲಿ ಪಾಠ ಒಪ್ಪಿಸುತ್ತ ಕೂರುವುದೇ? ನನ್ನ ಮರ್ಯಾದೆ — ಹೌದು, ಅದೇ. ‘ಒಬ್ಬರ ಬೆರಳು ಇನ್ನೊಬ್ಬರು ಚುಚ್ಚಿ’ ಎಂದೆ. ‘ಇದು ಕೈ ಪಳಗಲಿಕ್ಕೆ ಮಾತ್ರ. ಯಾರದ್ದನ್ನೂ ಓದುವುದಿಲ್ಲ.’ ಹಾಗೆ ಮಾಡಬಾರದು. ಕೇಳದೆ, ಒಪ್ಪಿಗೆ ಇಲ್ಲದೆ, ಒಬ್ಬರ ಪರೀಕ್ಷೆಯನ್ನು ನಾಲ್ಕು ಜನರ ನಡುವೆ ಮಾಡಬಾರದು — ಮೊದಲನೆಯ ದಿನದ ಮೊದಲನೆಯ ಪಾಠ ಅದು. ನಾನೇ ಮಾಡಿದ ಪಾಠ.

ಹನ್ನೆರಡು ಕಿಟ್ಟುಗಳನ್ನು ಕುರ್ಚಿಯ ಸಂಖ್ಯೆ ಬರೆದು ಉದ್ದ ಬೆಂಚಿನ ಮೇಲೆ ಸಾಲಾಗಿ ಇಟ್ಟೆವು. ಹದಿನೈದು ನಿಮಿಷದ ಗಂಟೆ ಹೊಡೆಯಿತು. ಓದುವುದಿಲ್ಲ ಎಂದವಳು ನಾನೇ ಓದುತ್ತಾ ಹೋದೆ — ಕಣ್ಣಿಗೆ ಚಟ. ಒಂದು, ಎರಡು, ಮೂರು. ಏಳರಲ್ಲಿ ಮೇಲಿನ ಗೆರೆ ದಪ್ಪಗಿತ್ತು. ಅದರ ಕೆಳಗೆ — ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯಷ್ಟು — ಒಂದು ನಸುಗೆಂಪು.

ಹಿಂದಿನಿಂದ ಗಿರಿಜಾಳ ದನಿ. ‘ಹ್ವಾಯ್ ಮೇಡಂ, ನಂದೆಂತ ಆಯ್ತ್? ಕಾಣಿ ಕಾಂಬ!’ ಎಲ್ಲರೂ ನಕ್ಕರು. ಅವಳು ಎರಡು ಹೆಜ್ಜೆ ಇಟ್ಟು ಬಂದರೆ ಕಾಣುತ್ತಿತ್ತು. ನಾನು ಕಿಟ್ಟಿನ ಮೇಲೆ ಕೈ ಇಟ್ಟೆ.

‘ನಿಂದೆಂತ ಇಲ್ಲೆ ಮಾರಾಯ್ತಿ. ಎಲ್ಲಾ ಸಮ ಇತ್ತ್.’

ಆ ಕ್ಷಣಕ್ಕೆ ಅದು ತಪ್ಪಲ್ಲವೆಂದು ಯಾರಾದರೂ ಅಂದಾರು. ಹನ್ನೊಂದು ಜನರ ಎದುರು ಬೇರೇನು ಹೇಳಲು ಸಾಧ್ಯವಿತ್ತು? ಸರಿ, ಆ ಕ್ಷಣ ಬಿಡಿ. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲ? ಊಟವಾದ ಮೇಲೆ ಹೇಳುತ್ತೇನೆ ಅಂದುಕೊಂಡೆ. ಊಟದ ಹೊತ್ತಿಗೆ ಮೇಲಿನವರು ನನ್ನನ್ನು ಹೊಗಳುತ್ತಿದ್ದರು. ಸಂಜೆ ಹೇಳುತ್ತೇನೆ ಅಂದುಕೊಂಡೆ. ಸಂಜೆ ಅವಳು ಸರ್ಟಿಫಿಕೇಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ‘ಬಸ್ ಬಂತ್, ಬತ್ತೆ ಮೇಡಂ’ ಎನ್ನುತ್ತ ಮೆಟ್ಟಿಲಿಳಿದು ಓಡಿದಳು. ಹೇಳಿದರೆ, ಒಬ್ಬರ ಬೆರಳು ಒಬ್ಬರು ಚುಚ್ಚಿದ ಕತೆಯೂ ಹೊರಗೆ ಬರುತ್ತಿತ್ತು. ಆಗ ನಾನು — ಗಡಿಯಾರದ ಮೇಡಂ —

ರಿಜಿಸ್ಟರಿನಲ್ಲಿ ‘ಏಳನೆಯ ಕಿಟ್ — ಹಾಳು’ ಎಂದು ಬರೆದು ಸಹಿ ಹಾಕಿದೆ. ಮೇಲಿನ ಗೆರೆಯೇ ಬಾರದಿದ್ದಾಗ ಮಾತ್ರ ಕಿಟ್ ಹಾಳು ಎನ್ನುವುದು. ಇದರಲ್ಲಿ ಮೇಲಿನ ಗೆರೆ ಇತ್ತು. ಈ ಕೆಲಸ ಬಲ್ಲ ಯಾರೂ ಅರಿಯದೆ ಹಾಗೆ ಬರೆಯುವುದಿಲ್ಲ. ಪೆಟ್ಟಿಗೆ ಬಿಸಿಲಿನಲ್ಲಿತ್ತು, ಕಿಟ್ ಕೆಟ್ಟಿರಬಹುದು. ಒಂದು ಪರೀಕ್ಷೆಯಿಂದ ಏನೂ ಖಚಿತವಾಗುವುದಿಲ್ಲ — ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖಚಿತವಾಗಿರಲಿಲ್ಲ, ನಿಜ. ಖಚಿತಪಡಿಸಿಕೊಳ್ಳುವ ದಾರಿಯನ್ನು ಮುಚ್ಚಿದವಳು ನಾನು.

ಗಿರಿಜಾ ಕೆಲಸಕ್ಕೆ ಸೇರಿದಳು. ಬೈಂದೂರು ಕಡೆಯ ಕ್ಯಾಂಪುಗಳಿಗೆಲ್ಲ ಅವಳೇ ಬೇಕು. ಬೆರಳು ಕೊಡಲು ಹೆದರಿ ಸೆರಗು ಎಳೆದುಕೊಂಡು ನಿಂತ ಹೆಂಗಸರ ಮುಂದೆ ತನ್ನ ಉಂಗುರ ಬೆರಳು ಎತ್ತಿ ತೋರಿಸುತ್ತಿದ್ದಳು. ‘ಕಾಣಿ ಅಕ್ಕ, ನಾನೂ ಕುತ್ತಿಸ್ಕಂಡಿದೆ. ನಮ್ ಮೇಡಮ್ಮೇ ಕಂಡದ್ದ್. ಹೆದ್ರುಕೆಂತ ಇಲ್ಲೆ.’ ಅವರು ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಒಂದು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ. ನನ್ನ ಸುಳ್ಳನ್ನು ಅವಳು ಊರೂರು ಹೊತ್ತು ತಿರುಗಿದಳು, ಅದನ್ನು ತೋರಿಸಿ ಬೇರೆಯವರಿಗೆ ಧೈರ್ಯ ಹೇಳಿದಳು. ಹಾಗೆ ಧೈರ್ಯ ಬಂದು ಬೆರಳು ಕೊಟ್ಟವರಲ್ಲಿ ಕೆಲವರಿಗೆ ಕಾಯಿಲೆ ಇರುವುದು ಸಕಾಲಕ್ಕೆ ಗೊತ್ತಾಯಿತು. ಮಾತ್ರೆ ತೆಗೆದುಕೊಂಡು ಈಗ ಎಲ್ಲರಂತೆ ಬದುಕಿದ್ದಾರೆ. ಅವಳ ಪಾಲಿಗೆ ಅಷ್ಟೂ ಇರಲಿಲ್ಲ.

ಒಮ್ಮೆ, ಧೈರ್ಯ ಮಾಡಿದೆ — ಧೈರ್ಯವೋ, ನಾಟಕವೋ. ತಿಂಗಳ ಸಭೆಯಲ್ಲಿ, ‘ನಮ್ಮವರೂ ಎಲ್ಲ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು’ ಎಂದೆ. ಗಿರಿಜಾ ನಕ್ಕಳು. ‘ನಂದ್ ಆಯಿತ್ತಲ್ದಾ ಮೇಡಂ? ಸುಮ್ನೆ ಕಿಟ್ ದಂಡ.’ ನಾನು ಒತ್ತಾಯ ಮಾಡಲಿಲ್ಲ. ಇದನ್ನೂ ಬರೆಯಬೇಕು. ನನಗೆ ಹಾಯೆನಿಸಿತು.

ಎರಡನೆಯ ವರ್ಷ ಅವಳ ರವಿಕೆ ಸಡಿಲವಾಯಿತು. ಮೀಟಿಂಗಿನಲ್ಲಿ ಕೆಮ್ಮು. ‘ಧೂಳಿಗೆ’ ಅನ್ನುತ್ತಿದ್ದಳು. ಅವಳು ಕೆಮ್ಮಿದಾಗಲೆಲ್ಲ ನಾನು ಕಾಗದ ತಿರುವಿಹಾಕುತ್ತಿದ್ದೆ. ಕುತ್ತಿಗೆಯ ಮೂಳೆ ಕಂಡಿತು. ಆಗಲೂ ಗೊತ್ತಿದ್ದವಳು ಇಡೀ ತಾಲೂಕಿನಲ್ಲಿ ನಾನೊಬ್ಬಳೇ. ನಂತರ ಒಂದು ದಿನ ಜ್ವರದಲ್ಲಿ ಬಿದ್ದಳು. ಕ್ಷಯವೆಂದರು. ಕ್ಷಯ ಬಂದವರಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ, ಮಾಡಿದರು. ಮೂರು ಪರೀಕ್ಷೆಯಲ್ಲೂ ಗೆರೆ ದಪ್ಪಗೆ ಬಂತು.

ಆಸ್ಪತ್ರೆಗೆ ಹೋದೆ. ಹಾಸಿಗೆಯಲ್ಲಿ ಅಷ್ಟೇ ಅಷ್ಟಾಗಿದ್ದಳು. ನನ್ನನ್ನು ಕಂಡದ್ದೇ ಕಣ್ಣರಳಿತು — ಸಾಕ್ಷಿ ಸಿಕ್ಕಿತು ಅನ್ನುವ ಹಾಗೆ. ‘ಮೇಡಂ, ಅವತ್ತ್ ನೀವ್ ಕಂಡಾಗ ಎಂತದೂ ಇರ್ಲಿಲ್ಲೆ ಅಲ್ದಾ? ಮತ್ತೆಲ್ಲಿಂದ ಬಂತ್?’

ಆಗಲಾದರೂ ಬಾಯಿ ಬಿಡಬೇಕಿತ್ತು. ‘ಮಾತ್ರೆ ತೆಗೆದುಕೋ, ಎಲ್ಲ ಸರಿಹೋಗುತ್ತದೆ’ ಎಂದೆ. ಕಿತ್ತಳೆ ಹಣ್ಣು ಇಟ್ಟು ಬಂದೆ.

ಅವಳ ಗಂಡನಿಗೂ ಪರೀಕ್ಷೆಯಾಯಿತು. ಅವನಿಗೂ ಇತ್ತು. ಯಾರಿಂದ ಯಾರಿಗೆ ಎಂಬ ಪ್ರಶ್ನೆ ನಮ್ಮ ಕೆಲಸದಲ್ಲಿ ಕೇಳಬಾರದ ಪ್ರಶ್ನೆ. ಅದಕ್ಕೆ ಉತ್ತರ ರಕ್ತದಲ್ಲಿ ಬರೆದಿರುವುದಿಲ್ಲ. ಆದರೆ ತೆಕ್ಕಟ್ಟೆಯ ಮನೆಯಲ್ಲಿ ಕೇಳಿದರು, ಉತ್ತರವನ್ನೂ ಅವರೇ ಕೊಟ್ಟುಕೊಂಡರು. ಕೆಲಸಕ್ಕೆ ಸೇರುವಾಗ ಅವಳಿಗೆ ಇರಲಿಲ್ಲ — ಅದನ್ನು ಅವಳೇ ಹೆಮ್ಮೆಯಿಂದ ಮನೆಯಲ್ಲಿ ಹೇಳಿಕೊಂಡಿದ್ದಳು. ಎರಡು ವರ್ಷ ಲಾರಿಯವರ ನಡುವೆ, ಬಂದರಿನ ಗಂಡಸರ ನಡುವೆ ತಿರುಗಿದಳು, ಈಗ ಇದೆ. ‘ಕೆಲ್ಸಕ್ ಹೋಯಿ ತಂದದ್ದ್’ ಎಂದಳಂತೆ ಅತ್ತೆ, ಶ್ರೇಯಾಳ ಎದುರೇ. ‘ನನ್ ಮಗನ್ ಜೀವಕ್ಕೂ ತಂದಿಟ್ಳ್.’ ಗಿರಿಜಾ ತಾಯಿಯ ಮನೆಗೆ, ನಾವುಂದಕ್ಕೆ ಹೋದಳು. ಮಗಳನ್ನು ಅವರು ಕಳಿಸಲಿಲ್ಲ. ಶ್ರೇಯಾ ಈಗ ಅಮ್ಮನ ಫೋನು ಎತ್ತುವುದಿಲ್ಲ.

ಸುಳ್ಳು ಹೇಳುವಾಗ ಇಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ ಎಂದು ಬರೆಯಹೊರಟಿದ್ದೆ. ಹೊಡೆದುಹಾಕಿದೆ. ಎಣಿಸುವುದೇ ನನ್ನ ಕೆಲಸವಾಗಿತ್ತು.

ಹೋದ ವಾರ ಬೆಳಗಿನ ಬಸ್ಸಿನಲ್ಲಿ ನಾವುಂದಕ್ಕೆ ಹೋದೆ. ಗಿರಿಜಾ ಜಗಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಳು. ಮಾತ್ರೆ ಹಿಡಿದಿದೆ, ಮುಖಕ್ಕೆ ಕಳೆ ಬಂದಿದೆ. ‘ಬನಿ ಮೇಡಂ, ಕೂಕಣಿ’ ಎಂದು ಮಣೆ ತಳ್ಳಿದಳು. ನಾನು ಕೂರದೆ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೆಂಚು, ಏಳನೆಯ ಕಿಟ್, ಮೇಲೆ ಇಟ್ಟ ಕೈ, ರಿಜಿಸ್ಟರಿನಲ್ಲಿ ಬರೆದ ಮಾತು.

ಕೆಟ್ಟ ಸುದ್ದಿ ಹೇಳಿದ ಮೇಲೆ ಎದುರಿನವರು ಮಾತಾಡುವ ತನಕ ನೀವು ಮಾತಾಡಬೇಡಿ — ಇದೂ ನಾನು ಕಲಿಸಿದ್ದೇ. ನಿಂತೆ. ಅವಳ ಕತ್ತರಿ ನಿಂತಿತ್ತು. ಹಿತ್ತಿಲಿನಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು, ಅದೂ ನಿಂತಿತು. ಎಷ್ಟು ಹೊತ್ತೋ. ಗಡಿಯಾರ ನೋಡಲು ಧೈರ್ಯವಾಗಲಿಲ್ಲ.

‘ಗೆರೆ ದಪ್ಪ ಇತ್ತಾ, ಮಸ್ಕಾ?’ ಎಂದು ಕೇಳಿದಳು.

‘ಮಸುಕು.’

‘ಮಸ್ಕ್ ಗೆರೆಯೂ ಗೆರೆಯೇ ಅಂದದ್ದ್ ನೀವೇ ಅಲ್ದಾ?’

ಬೈಯಲಿಲ್ಲ. ಬೈದಿದ್ದರೆ — ಬೇಡ, ನನಗೆ ಏನಾಗುತ್ತಿತ್ತು ಎಂಬುದು ಇಲ್ಲಿ ಮುಖ್ಯವಲ್ಲ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕೈ ಎತ್ತಿ ತಡೆದಳು.

‘ನಂಗೆ ಹೇಳಿ ಎಂತ ಆಯ್ತ್? ತೆಕ್ಕಟ್ಟೆಗ್ ಬನಿ. ಅತ್ತೆ ಎದ್ರ್ ಹೇಳಿ, ನಮ್ಮನಿಯವ್ರ್ ಎದ್ರ್ ಹೇಳಿ. ಶ್ರೇಯಾ ಇಪ್ಪ ಹೊತ್ತಿಗೇ ಹೇಳಿ.’

‘ಮಗುವಿನ ಎದುರಾ?’ ಎಂದೆ. ಹಳೆಯ ಅಭ್ಯಾಸ, ಸಲಹೆ ಕೊಡುವುದು.

‘ಸುಳ್ಳ್ ಅವ್ಳ್ ಕೆಮಿಗೆ ಬಿದ್ದ್ ಆಯ್ತಲೆ ಮೇಡಂ. ಇದೂ ಬೀಳ್ಲಿ.’

ಕಾಯಿಲೆಯ ಮಾತನ್ನು ಯಾರ ಎದುರು ಆಡಬೇಕು ಎಂದು ತೀರ್ಮಾನಿಸುವ ಹಕ್ಕು ಅವಳದ್ದು. ಮೊದಲ ಸಲ ಅದನ್ನು ಅವಳಿಂದ ಕಿತ್ತುಕೊಂಡಿದ್ದೆ, ಇನ್ನೊಮ್ಮೆ ಕಿತ್ತುಕೊಳ್ಳಲಾರೆ. ಆಯಿತು ಎಂದೆ. ಕಚೇರಿಗೆ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ಕೆಲಸ ಉಳಿಯುವುದಿಲ್ಲ, ಉಳಿಯಲೂಬಾರದು. ರಿಜಿಸ್ಟರಿನ ಆ ಹಾಳೆಯ ನಕಲು ಚೀಲದಲ್ಲಿದೆ.

ನಾಳೆ ಭಾನುವಾರ, ಶಾಲೆಗೆ ರಜೆ. ಹತ್ತು ಗಂಟೆಗೆ ತೆಕ್ಕಟ್ಟೆಯಲ್ಲಿ ಬಸ್ಸಿನಿಂದ ಇಳಿಯುತ್ತೇನೆ. ಗಿರಿಜಾ ನಾವುಂದದಿಂದ ಬಂದು ರಸ್ತೆಯ ಬದಿಯಲ್ಲಿ ನಿಂತಿರುತ್ತಾಳೆ. ಅವರು ಬಾಗಿಲು ತೆಗೆಯುತ್ತಾರೋ, ಅವಳೇ ದುಡ್ಡು ಕೊಟ್ಟು ಕರೆತಂದ ಸಾಕ್ಷಿಯೆಂದು ನನ್ನನ್ನು ಅಟ್ಟುತ್ತಾರೋ — ಮೂರು ವರ್ಷ ಸುಳ್ಳು ಹೇಳಿದವಳನ್ನು ಯಾರಾದರೂ ಯಾಕೆ ನಂಬಬೇಕು? ನಂಬದಿದ್ದರೆ ಮತ್ತೆ ಹೋಗುತ್ತೇನೆ. ಗಿರಿಜಾ ಸಾಕು ಅನ್ನುವ ತನಕ ಹೋಗುತ್ತೇನೆ.

ಶ್ರೇಯಾ, ನಿನ್ನಮ್ಮ ಆ ಕೆಲಸಕ್ಕೆ ಕಾಲಿಡುವ ಮೊದಲೇ ಆ ಗೆರೆ ಇತ್ತು. ನಾನು ನೋಡಿದ್ದೆ, ಮುಚ್ಚಿಟ್ಟೆ — ಇಷ್ಟೇ ನಾಳೆ ಹೇಳಬೇಕಾಗಿರುವುದು. ಹೇಳಿದ ಮೇಲೆ, ನೀನು ಮಾತಾಡುವ ತನಕ ನಾನು ಮಾತಾಡುವುದಿಲ್ಲ.